ಲಕ್ಷ್ಮಿ ಕಳೆಯ ಕಾಲು

ಕೊರೊನಾ ಮುಗಿದ ಮರುವರ್ಷ. ಆಗ ನಾನು ಬೀದರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆ. ಭಾಲ್ಕಿ ತಾಲ್ಲೂಕಿನ ತನ್ನ ತವರು ಮೆಹಕರದಿಂದ ಸವಿತಾ ಎಂಬುವಳು ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಹಣೆ ಒಂದು ಬದಿಗೆ ಚಪ್ಪಟೆಯಾಗಿತ್ತು. ಎಡಗೈಯ ತೋರುಬೆರಳು, ನಡುಬೆರಳು ಅರ್ಧದವರೆಗೆ ಚರ್ಮದಿಂದ ಕೂಡಿಕೊಂಡಿದ್ದವು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಪುಂಡಿಪಲ್ಯ ಹೆಚ್ಚಿದ ಪಾಪಕ್ಕೆ ಹೀಗಾಯಿತೆಂದು, ಔರಾದ್ ತಾಲ್ಲೂಕಿನ ಎಕಂಬಾದಲ್ಲಿರುವ ಅತ್ತೆ ಅವಳನ್ನು ತವರಿಗೆ ಅಟ್ಟಿದ್ದಳು. ಮಗನಿಗೆ ಠಾಣಾ ಕುಶನೂರಿನಲ್ಲಿ ಇನ್ನೊಂದು ಹೆಣ್ಣು ನೋಡುವುದೂ ನಡೆದಿತ್ತು.

ಇಂಥದ್ದು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಸುಗೂಸಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳ ನಡುವೆ ಹೊಲಿಗೆಯಂಥ ಸಂದುಗಳಿದ್ದು, ಮಿದುಳು ಬೆಳೆದಂತೆ ಅದಕ್ಕೆ ಜಾಗ ಕೊಡುತ್ತವೆ. ಈ ಮಗುವಿನಲ್ಲಿ ಅಂಥದೊಂದು ಸಂದು ಬೇಗನೆ ಮುಚ್ಚಿಹೋಗಿತ್ತು. ರಕ್ತವನ್ನು ಹೈದರಾಬಾದಿಗೆ ಕಳಿಸಿದಾಗ ಟ್ವಿಸ್ಟ್-೧ ಎಂಬ ಜೀನಿನಲ್ಲಿ ಬದಲಾವಣೆ ಸಿಕ್ಕಿತು; ತಲೆಗೂ ಕೂಡಿದ ಬೆರಳಿಗೂ ಅದೇ ಕಾರಣ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವರಲ್ಲಿ ಲಕ್ಷಣಗಳು ಎಷ್ಟು ಕಡಿಮೆಯೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಸವಿತಾಳ ರಕ್ತದಲ್ಲಿ ಆ ಬದಲಾವಣೆ ಇರಲಿಲ್ಲ. ಗಂಡ ರಕ್ತ ಕೊಡಲು ಬರಲೇ ಇಲ್ಲ.

ಬಂದದ್ದು ಅತ್ತೆ. ದೋಷ ತಾಯಿಯದೇ ಎಂದು ನಾನು ಬರೆದುಕೊಡಬೇಕಂತೆ, ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಅನುಕೂಲವಂತೆ. ಅಂದು ಸವಿತಾ ಅಲ್ಲೇ ಇದ್ದಳು. ರೂಢಿಯಂತೆ ಅತ್ತೆಯ ಕಾಲು ಮುಟ್ಟಲು ಬಗ್ಗಿದವಳು ಮೇಲೇಳಲಿಲ್ಲ. ನಾನೂ ಎದ್ದು ಹೋಗಿ ನೋಡಿದೆ. ಅತ್ತೆಯ ಕಾಲಿನ ಎರಡನೆಯ, ಮೂರನೆಯ ಬೆರಳುಗಳು ಉಗುರಿನವರೆಗೆ ಕೂಡಿದ್ದವು. ಬೆಳ್ಳಿಯ ಕಾಲುಂಗುರ ಎರಡನ್ನೂ ಸೇರಿಸಿ ಸುತ್ತಿತ್ತು.

“ಮೂರು ವರ್ಷ ದಿನಾ ಈ ಕಾಲಿಗಿ ಬಿದ್ದೀನ್ರಿ ಮೇಡಂ,” ಎಂದಳು ಸವಿತಾ. “ಇವರ ಬೆರಳು ಕೂಡಿದ್ರ ಲಕ್ಷ್ಮಿ ಕಳಿ ಅಂದ್ರು. ನನ್ನ ಮಗಳದು ಕೂಡಿದ್ರ ಪಾಪ ಅಂದ್ರು.”

ನನಗೆ ತಡೆಯಲಾಗಲಿಲ್ಲ. “ಆಯಿ, ನಿಮ್ಮವ್ವ ಗ್ರಹಣದಾಗ ಏನು ಹೆಚ್ಚಿದ್ರು?” ಎಂದು ಕೇಳಿಯೇಬಿಟ್ಟೆ.

ಅವಳು ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡಳು. ದೋಷ ತಮ್ಮ ಕಡೆಯದೆಂಬ ನನ್ನ ಮಾತಿನ ಇಂಗಿತ ಸುಳ್ಳೆಂದು ತೋರಿಸಲು ಮರುವಾರ ತಾನೇ ಮಗನನ್ನು ಕರೆತಂದು ರಕ್ತ ಕೊಡಿಸಿದಳು. ವರದಿಯಲ್ಲಿ ಅದೇ ಬದಲಾವಣೆ ಇತ್ತು. ಇನ್ನೊಬ್ಬಳನ್ನು ಕಟ್ಟಿಕೊಂಡರೂ ಲೆಕ್ಕ ಅದೇ ಅರ್ಧಕ್ಕರ್ಧ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಹೇಳುವಾಗ ನನಗೆ ಖುಷಿಯಾಗಿತ್ತು, ಮುಚ್ಚಿಡುವುದೇನಿದೆ.

ಹೈದರಾಬಾದಿನಲ್ಲಿ ಮಗುವಿನ ತಲೆಯ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಅಷ್ಟರಲ್ಲಿ ಎಕಂಬಾದವರು ಹೊಸ ಸಂಬಂಧದ ಮಾತು ಬಿಟ್ಟು ಸವಿತಾಳನ್ನೇ ಕರೆಯಲು ಬಂದರು. ತನ್ನನ್ನು ಪಾಪಿ ಎಂದ ಅದೇ ಓಣಿಯಲ್ಲಿ, ಅದೇ ಹೆಂಗಸರ ಮುಂದೆ ಅತ್ತೆ ಕಾಲು ತೋರಿಸಿ, ಮೊಮ್ಮಗಳಿಗೆ ಇದು ತನ್ನಿಂದಲೇ ಬಂದದ್ದೆಂದು ಹೇಳಬೇಕು, ಆಮೇಲೆ ಮುಂದಿನ ಮಾತು ಎಂದಳು ಸವಿತಾ.

ಮುಂದೆ ಮಗುವನ್ನು ತಪಾಸಣೆಗೆ ತಂದಾಗ ಏನಾಯಿತೆಂದು ಕೇಳಿದೆ.

“ತೋರಿಸಿದ್ರು, ಹೇಳಿದ್ರು. ಓಣಿ ಮಂದಿ ಎಲ್ಲಾ ನೋಡಿತ್ರಿ,” ಎಂದಳು. “ನಾನೂ ನಿಂತು ಪೂರಾ ಕೇಳಿದೆ. ಕಾಲಿಗಿ ಬೀಳಲಿಲ್ಲ. ಮಗಳ್ನ ಎತ್ಕೊಂಡು ಮೆಹಕರಕ್ಕ ಬಂದೆ.”

ಸಂಸಾರ ಕೂಡಿಸಬಹುದಿತ್ತಲ್ಲ ಎಂದು ಸಹೋದ್ಯೋಗಿಗಳು ನನಗೆ ಬುದ್ಧಿ ಹೇಳಿದರು. ನನಗೆ ಮಾತ್ರ ಅಂದು ಹೊಟ್ಟೆ ತಣ್ಣಗಾಗಿತ್ತು. ಅಲ್ಲಿಂದ ನಿವೃತ್ತಿಯವರೆಗೂ ಇಂಥ ಮಗು ಬಂದಾಗಲೆಲ್ಲ, ತಾಯಿಯನ್ನು ದೂರುತ್ತ ಬಂದವರ ಕೈಕಾಲುಗಳನ್ನೇ ನಾನು ಮೊದಲು ನೋಡುತ್ತಿದ್ದೆ.