ಮಂತ್ರವಾದಿ ಬರುವ ಮೊದಲೇ

ಮೊನ್ನೆ ಶುಕ್ರವಾರ ಕೆಳಗಿನ ಫ್ಲಾಟಿನವರು ಸಾಂಬ್ರಾಣಿ ಹಾಕಿದ್ದರು. ಹೊಗೆ ನಮ್ಮ ಬಾಲ್ಕನಿಗೂ ಏರಿ ಬಂತು. ಒಣಹಾಕಿದ ಬಟ್ಟೆಗೆಲ್ಲ ವಾಸನೆ ಹತ್ತುತ್ತದೆಂದು ಬೇರೆಯವರಾಗಿದ್ದರೆ ಗೊಣಗುತ್ತಿದ್ದರೇನೋ. ನಾನು ಕ್ಲಿಪ್ಪು ಹಿಡಿದುಕೊಂಡು ಹಾಗೇ ನಿಂತೆ. ಸಾಂಬ್ರಾಣಿ ಎಂದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ನೆನಪಾಗುವುದು ದೆವ್ವ... ದೆವ್ವದ ಕಥೆ ಹೇಳುತ್ತಿದ್ದ ಪಕ್ಕದ ಮನೆಯ ಅಕ್ಕಯ್ಯ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮೈಸೂರಿನಿಂದ ವಿಜಯವಾಡದ ಪಟಮಟಕ್ಕೆ ಬಂದಿದ್ದೆವು. ನನಗೆ ತೆಲುಗು ಬಾರದು. ಪಕ್ಕದ ಮನೆಯಲ್ಲಿ ಬಳ್ಳಾರಿಯಿಂದ ಮದುವೆಯಾಗಿ ಬಂದ ಹೆಂಗಸೊಬ್ಬರಿದ್ದಾರೆಂದು ತಿಳಿದಾಗ ಹೋದ ಜೀವ ಬಂದಂತಾಯಿತು. ನನಗಿಂತ ಹತ್ತಾರು ವರ್ಷ ದೊಡ್ಡವರು. ಪ್ರತಿ ಶುಕ್ರವಾರ ತಲೆಗೆ ನೀರೆರೆದುಕೊಂಡು, ಹಿತ್ತಲಲ್ಲಿ ಸಾಂಬ್ರಾಣಿಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಮೊಣಕಾಲುದ್ದದ ಕೂದಲನ್ನು ಅದರ ಮೇಲೆ ಹರಡಿ ಕೂರುತ್ತಿದ್ದರು. ಕೂದಲಿನಿಂದ ಹೊಗೆ ಏಳುತ್ತಿರುವಾಗಲೇ ಹಿಂದಿನ ದಿನ ಮ್ಯಾಟಿನಿಯಲ್ಲಿ ನೋಡಿದ ದೆವ್ವದ ಸಿನಿಮಾದ ಕಥೆ ಶುರು.

ಎಲ್ಲವೂ ಹೆಚ್ಚುಕಡಿಮೆ ಒಂದೇ ಕಥೆ. ಒಳ್ಳೆಯ ಹೆಂಡತಿ, ಕೆಟ್ಟ ಗಂಡ, ಹಾಲಿನಲ್ಲಿ ವಿಷ. ಸತ್ತವಳು ಬಿಳಿ ಸೀರೆ ಉಟ್ಟು ತಿರುಗಿ ಬಂದು ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತಿದ್ದಳು. ನಾನು ಓದಿದ ಕಾನ್ವೆಂಟಿನಲ್ಲಿ ಪವಿತ್ರಾತ್ಮವೊಂದನ್ನು ಬಿಟ್ಟು ಬೇರೆ ಯಾವ ಆತ್ಮದ ಸುದ್ದಿಯನ್ನೂ ಎತ್ತುವಂತಿರಲಿಲ್ಲ. ಹಾಗಾಗಿ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕೊನೆಯಲ್ಲಿ ಯಾವಾಗಲೂ ದೆವ್ವವೇ ಗೆಲ್ಲುತ್ತಿತ್ತು.

"ಒಂದೇ ನೋಡು ತಂಗಿ ನಂಗ ತಿಳಿಯದ್ದು," ಎನ್ನುತ್ತಿದ್ದರು ಅಕ್ಕಯ್ಯ. "ಬಾಯಿ ತೆರೀಲಿಕ್ಕೆ ಸಾಯೋತನಕ ಯಾಕ ಕಾಯ್ತಾಳ ಈ ಹುಚ್ಚಿ?"

ಅವರ ಮನೆಯವರು ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಕೈ ಎತ್ತಿದವರಲ್ಲ, ಗಟ್ಟಿಯಾಗಿ ಬೈದವರೂ ಅಲ್ಲ. ಮುನಿಸು ಬಂದರೆ ಅಕ್ಕಯ್ಯನ ಚಪ್ಪಲಿಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದರು, ಅಷ್ಟೇ. ಸಂಜೆ ಐದೂವರೆಗೆ ಗೇಟು ಕಿರ್ ಎನ್ನುವಾಗ ಕಾಫಿ ಲೋಟದಲ್ಲಿರಬೇಕು. ಫ್ಲಾಸ್ಕಿನದು ಆಗದು, ಅದು ಆಸ್ಪತ್ರೆ ಕಾಫಿ. ಲೋಟವನ್ನು ಮೊದಲು ಮೂಸುವುದು. ಸರಿಬರದಿದ್ದರೆ ಬಾಳೆಗಿಡದ ಬುಡಕ್ಕೆ ಸುರಿಯುವುದು. ಆ ಬಾಳೆ ನಮ್ಮ ಬೀದಿಯಲ್ಲೇ ಎಲ್ಲಕ್ಕಿಂತ ಎತ್ತರವಾಗಿತ್ತು.

ಅಕ್ಕಯ್ಯನ ಜೊತೆ ನಾನೂ ಮೊದಲ ಸಲ ಸಿನಿಮಾಕ್ಕೆ ಹೋದಾಗಲೇ ಗುಟ್ಟು ತಿಳಿದದ್ದು. ತೆರೆಯ ಮೇಲೆ ನಿಂಬೆಹಣ್ಣು ತಾನಾಗಿ ಉರುಳಿತು, ಮಂತ್ರವಾದಿ ಬರುವ ಹೊತ್ತು. ಅಕ್ಕಯ್ಯ ನನ್ನ ಮೊಣಕೈ ತಿವಿದು ಎದ್ದೇಬಿಟ್ಟರು.

"ನಡಿ ತಂಗಿ, ಹಾಲು ಕಾಸಬೇಕು."

"ಕೊನೆ ನೋಡೋದು ಬೇಡ್ವಾ ಅಕ್ಕಯ್ಯ?"

"ಅದು ನಂಗೊತ್ತೈತಿ. ಬಸ್ಸಿನಾಗ ಹೇಳ್ತೀನಿ."

ಬಸ್ಸಿನ ಕಂಬಿ ಹಿಡಿದು ನಿಂತು, ಕಣ್ಣಾರೆ ಕಂಡವರಂತೆ ಹೇಳಿಯೂ ಹೇಳಿದರು. ಮಾರನೆಯ ದಿನ ನಮ್ಮ ಮನೆಕೆಲಸದವಳು ಅದೇ ಸಿನಿಮಾದ ಕೊನೆಯನ್ನು ಅಭಿನಯಿಸಿ ತೋರಿಸಿದಾಗ ನಾನು ದಂಗಾದೆ. ಮಂತ್ರವಾದಿ ಬೂದಿ ಎರಚಿ ದೆವ್ವವನ್ನು ಕೊಡದೊಳಗೆ ತುಂಬಿ ಮುಚ್ಚಳ ಹಾಕಿದನಂತೆ!

ಹೇಳಬಾರದಿತ್ತೇನೋ... ಹೇಳಿಬಿಟ್ಟೆ. ಅಕ್ಕಯ್ಯ ಬಾಚಣಿಗೆ ಕೆಳಗಿಟ್ಟರು. "ಎಲ್ಲಾ ಸಿನಿಮಾದಾಗೂ ಹಂಗೇನಾ?" ಎಂದರು. ಕೂದಲು ಗಂಟು ಹಾಕಿಕೊಳ್ಳುತ್ತಾ, "ಒಮ್ಮೆಯಾದ್ರೂ ಕೊನೀತನಕ ಕೂತು ನೋಡಬೇಕವ್ವ. ಏನಾದ್ರೂ ಆಗ್ಲಿ," ಎಂದರು. ಮನೆ ಕಟ್ಟಿಸಬೇಕು, ಕಾಶಿಗೆ ಹೋಗಬೇಕು ಎಂದು ಬೇರೆಯವರು ಹೇಳುವ ದನಿಯಲ್ಲಿ ಹೇಳಿದರು.

ಮುಂದಿನ ಗುರುವಾರವೇ ಹೊರಟೆವು. ಅಂದು ಚಪ್ಪಲಿ ಬೀರುವಿನಲ್ಲಿತ್ತು. ನನ್ನ ಹವಾಯಿ ಅವರ ಕಾಲಿಗೆ, ನಮ್ಮ ಯಜಮಾನರ ಬಾತ್‌ರೂಮ್ ಚಪ್ಪಲಿ ನನ್ನ ಕಾಲಿಗೆ. ನಿಂಬೆಹಣ್ಣು ಉರುಳಿತು. ಅಕ್ಕಯ್ಯನ ಕಾಲುಗಳು ಅಭ್ಯಾಸಬಲದಿಂದ ಎದ್ದವು. ಕುರ್ಚಿಯ ಕೈ ಹಿಡಿದು ತಮ್ಮನ್ನು ತಾವೇ ಕೂರಿಸಿಕೊಂಡರು. ಮಂತ್ರವಾದಿ ಬಂದ. ದೆವ್ವ ಕೊಡ ಸೇರಿತು. ಗಂಡ ಹೆಂಡತಿಯ ಫೋಟೋಗೆ ಹಾರ ಹಾಕಿ, ಎರಡು ಹನಿ ಕಣ್ಣೀರು ಸುರಿಸಿ, ಅವಳ ತಂಗಿಯನ್ನೇ ಮದುವೆಯಾದ. ಶುಭಂ.

ಅಕ್ಕಯ್ಯ ಎದ್ದು ನಿಂತರು. "ಥೂ ನಿನ್ನ! ಇದಕ್ಕಾ ನಾ ಕಾಫಿ ಬಿಟ್ಟು ಬಂದದ್ದು?" ಎಂದು ಅಪ್ಪಟ ಬಳ್ಳಾರಿ ಕನ್ನಡದಲ್ಲಿ ತೆರೆಗೆ ಕೂಗಿದರು. ಭಾಷೆ ತಿಳಿಯದಿದ್ದರೂ ಹೆಂಗಸರ ಸಾಲಿನಿಂದ ಚಪ್ಪಾಳೆ ಬಿತ್ತು.

ಮನೆ ತಲುಪುವಾಗ ಬೀದಿದೀಪ ಹತ್ತಿತ್ತು. ಅವರ ಯಜಮಾನರು ಗೇಟಿನಲ್ಲೇ ನಿಂತಿದ್ದರು. ನಾನು ಕರಿಬೇವು ಕೀಳುವ ನೆಪದಲ್ಲಿ ಕಾಂಪೌಂಡ್ ಗೋಡೆಗೆ ಅಂಟಿಕೊಂಡೆ. ಗಂಡಹೆಂಡಿರದು ತೆಲುಗು, ಅಷ್ಟರಲ್ಲಿ ನನಗೂ ಅರ್ಥವಾಗುತ್ತಿತ್ತು.

"ಏಮೇ, ಎಲ್ಲಿಗೆ ಹೋಗಿದ್ದೆ?"

ಅಕ್ಕಯ್ಯ ಅವರನ್ನು ದಾಟಿ ಒಳಗೆ ಹೋಗಿ ಸ್ಟೌ ಹಚ್ಚಿದರು. "ಸಿನಿಮಾಗೆ. ಕಥೆ ಕೇಳ್ರಿ," ಎಂದು ಶುರುಮಾಡಿದರು. ವಿಷ, ಬಿಳಿ ಸೀರೆ, ನಿಂಬೆಹಣ್ಣು, ಯಾವುದನ್ನೂ ಬಿಡಲಿಲ್ಲ. "ಮಂತ್ರವಾದಿ ಬಂದು ಅವಳ ಮುಖ ನೋಡಿದ. ತಾಯೀ, ತಪ್ಪು ನಿನ್ನದಲ್ಲ ಅಂದ. ಗಂಡನ್ನ ಕೊಡದೊಳಗೆ ಕೂರಿಸಿ ಮುಚ್ಚಳ ಹಾಕಿದ."

ಯಜಮಾನರ ದನಿ ಈಗ ಅಡುಗೆಮನೆ ಬಾಗಿಲಿನಿಂದ ಬಂತು.

"ಆಮೇಲೆ... ಅವನು ಆಚೆ ಬರಲೇ ಇಲ್ವಾ?"

"ಯಾಕೆ ಬರ್ತಾನೆ? ದಿನಾ ಐದೂವರೆಗೆ ಮುಚ್ಚಳ ತೆಗೆದು ಒಂದು ಲೋಟ ಕಾಫಿ ಒಳಗೆ ಬಿಡ್ತಾಳೆ. ತಣ್ಣಗಿರೋದು."

ಅಂದು ಅವರು ಕಾಫಿ ಮೂಸಲಿಲ್ಲ. ಹೆದರಿಕೆಯೋ ನಾಚಿಕೆಯೋ ನನಗೆ ತಿಳಿಯದು. ಬೇರೆ ವಿಷಯದಲ್ಲಿ ಅವರೇನೂ ಬದಲಾಗಲಿಲ್ಲ. ಆದರೆ ಗುರುವಾರದ ಮಟ್ಟಿಗೆ ಆ ಮನೆಗೆ ಫ್ಲಾಸ್ಕು ಬಂತು. ಅಕ್ಕಯ್ಯ ಅಂದಿನಿಂದ ಪ್ರತಿ ಸಿನಿಮಾವನ್ನೂ ಕೊನೆತನಕ ನೋಡಿದರು. "ತಿದ್ದಬೇಕಲ್ಲ ತಂಗಿ, ಅದಕ್ಕ ನೋಡಬೇಕು," ಎನ್ನುತ್ತಿದ್ದರು.

ಮರುವರ್ಷ ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಬಂದರಿನ ಹಡಗು ನೋಡಲು ಬರುತ್ತೇನೆಂದಿದ್ದರು, ಬರಲಾಗಲಿಲ್ಲ. ಕೆಲವು ವರ್ಷ ಕಳೆದು, ಪಟಮಟದಲ್ಲಿದ್ದ ಮತ್ತೊಬ್ಬ ಬ್ಯಾಂಕಿನವರ ಹೆಂಡತಿ ನಮ್ಮ ಮನೆಗೆ ಬಂದರು. ತಂದಿದ್ದ ಮಂಗಳಗಿರಿ ಸೀರೆಗಳನ್ನು ಸೋಫಾದ ಮೇಲೆ ಹರಡುತ್ತಾ, "ನಿಮ್ಮ ಪಕ್ಕದ ಮನೆಯಾಕೆ ತೀರಿಕೊಂಡರಂತೆ ಕಣ್ರೀ. ಕೊನೆಗಾಲದಲ್ಲಿ ಆ ಗಂಡ ಏನು ಮಾಡಿದ ಗೊತ್ತಾ..." ಎಂದು ಶುರುಮಾಡಿದರು.

"ಒಂದ್ನಿಮಿಷ, ಒಲೆ ಮೇಲೆ ಹಾಲಿದೆ," ಎಂದು ನಾನು ಎದ್ದುಬಿಟ್ಟೆ.

ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದು, ಆ ಮಾತು ಮುಗಿದಿರಬಹುದು ಎನಿಸಿದ ಮೇಲೆ ಹೊರಗೆ ಬಂದೆ. ಮತ್ತೆ ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಅಕ್ಕಯ್ಯನ ಕೊನೆಯನ್ನು ಎಷ್ಟೋ ಬಗೆಯಲ್ಲಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಲ್ಲದರಲ್ಲೂ ಅವರೇ ಗೆಲ್ಲುತ್ತಾರೆ. ಆದರೂ ಅವರು ಹೇಳುತ್ತಿದ್ದಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.