ಹಂದಿಕಳ್ಳರ ಮಲಕಿ ಬಿಷಪ್ಪರ ಮನೆತನ ಸೇರಿದ್ದು

ಐರ್ಲೆಂಡಿನ ಟಿಪ್ಪರರಿಯ ಆ ಗುಡ್ಡದೂರಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ರಯನ್‌ಗೆ ತಾಗುತ್ತದೆ. ಗುರಿ ತಪ್ಪಿದರೆ ಅವನ ಹಿಂದೆ ನಿಂತ ರಯನ್‌ಗೆ. ಊರಿಗೆಲ್ಲ ಒಂದೇ ಕುಲನಾಮ, ಹಾಗಾಗಿ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು. ಪೂರ್ವಜನೊಬ್ಬ ಯಾವತ್ತೋ ಬಿಷಪ್ಪರ ಕುದುರೆಯ ಲಗಾಮು ಹಿಡಿದು ನಿಂತಿದ್ದನೆಂದು ಒಂದು ಮನೆತನದವರು ‘ಬಿಷಪ್’ ರಯನ್‌ಗಳು. ಇನ್ನೊಬ್ಬ ಪೂರ್ವಜ ಯಾವತ್ತೋ ಒಂದು ಹಂದಿ ಕದ್ದಿದ್ದನೆಂದು ಮಲಕಿಯ ಮನೆಯವರು ‘ಹಂದಿಕಳ್ಳ’ ರಯನ್‌ಗಳು.

ಅರವತ್ತರವರೆಗೂ ಮಲಕಿ ಇದನ್ನು ನುಂಗಿಕೊಂಡೇ ಬದುಕಿದ. ಆದರೆ ಆ ಚಳಿಗಾಲದಲ್ಲಿ ಅವನು ನ್ಯುಮೋನಿಯಾ ಬಂದು ಮಲಗಿದ್ದಾಗ, ಊರಲ್ಲಿ ಬೇರೆ ಮಲಕಿ ರಯನ್‌ಗಳೂ ಇರುವುದರಿಂದ ದೇವರಿಗೆ ಗಲಿಬಿಲಿಯಾಗದಿರಲೆಂದು, ಪಾದ್ರಿಗಳು ಭಾನುವಾರದ ಪೂಜೆಯಲ್ಲಿ, “ಹಂದಿಕಳ್ಳರ ಮಲಕಿ ಬೇಗ ಗುಣವಾಗಲಿ” ಎಂದು ಪ್ರಾರ್ಥಿಸಿಬಿಟ್ಟರು. ಪೂಜೆಯನ್ನು ಮನೆಮನೆಗೆ ಬಿತ್ತರಿಸುವ ಚರ್ಚಿನ ರೇಡಿಯೋದಲ್ಲಿ ಅದನ್ನು ಕೇಳಿದ ಮಲಕಿ, ಹಂದಿಕಳ್ಳನಾಗಿ ಮಾತ್ರ ಸಾಯಲಾರೆನೆಂದು ಹಾಸಿಗೆಯಲ್ಲೇ ಶಪಥಗೈದ. ಜ್ವರ ಹೆದರಿ ಇಳಿಯಿತು.

ಎದ್ದವನೇ ಒಂದು ಬಾಟಲಿ ವಿಸ್ಕಿಯನ್ನು ಖಡ್ಗದಂತೆ ಕಂಕುಳಲ್ಲಿಟ್ಟುಕೊಂಡು ಗುಡ್ಡ ಹತ್ತಿದ. ಊರಿನ ವಂಶಾವಳಿಯೆಲ್ಲ ಅಲ್ಲಿ ಹನೋರಾ ಅಜ್ಜಿಯ ತಲೆಯಲ್ಲಿತ್ತು.

“ಅಜ್ಜಿ, ಆ ಹಂದಿ ಕದ್ದೋನು ನಿಜವಾಗ್ಲೂ ನಮ್ಮ ವಂಶದೋನಾ?”

“ನಿಮ್ಮೋನು ಹೆಂಗಾಗ್ತಾನೋ? ನಿನ್ನ ಮುತ್ತಜ್ಜ ಬಿಷಪ್ಪರ ಮನೆ ಹುಡುಗ. ಹಂದಿಕಳ್ಳರ ಮನೆಗೆ ಮನೆಅಳಿಯ ಆಗಿ ಬಂದ. ಮನೆ ಜೊತೆ ಅಡ್ಡಹೆಸರೂ ಮೈಗಂಟ್ಕೊಂಡ್ತು. ಎರಡೂ ಕಡೆ ರಯನ್ನೇ, ಯಾರು ಕೇಳ್ತಾರೆ?”

“ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಬರಿಗೈಲಿ ಬರ್ತಿದ್ದೆಯಲ್ಲೋ ಮಾರಾಯ.”

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಹೆಂಡದಂಗಡಿಯಲ್ಲಿ ಮಲಕಿ ತನ್ನ ಜನ್ಮರಹಸ್ಯವನ್ನು ಸಾರಿದ. ಬಿಷಪ್ಪರ ಹಿರಿಯ ಕಾರ್ನೀಲಿಯಸ್ ತಕರಾರು ತೆಗೆಯುತ್ತಾನೆಂದು ಎಲ್ಲರೂ ಕಾದರು. ಅವನೋ ಕಣ್ಣಲ್ಲಿ ನೀರು ತುಂಬಿಕೊಂಡು ಮಲಕಿಯನ್ನು ತಬ್ಬಿದ. “ಬಾರಪ್ಪ ತಮ್ಮ. ಬೆನ್ನು ಹೇಗಿದೆ?”

“ಗಟ್ಟಿಯಾಗಿದೆ,” ಎಂದ ಮಲಕಿ, ಹೆಮ್ಮೆಯಿಂದ.

ವಾರದೊಳಗೆ ಕಾರ್ನೀಲಿಯಸ್ಸನ ಚಿಕ್ಕಪ್ಪ ತೀರಿಕೊಂಡ. ಆ ಊರಲ್ಲಿ ಆಯಾ ಮನೆತನದ ಸಮಾಧಿಯ ಗುಂಡಿಯನ್ನು ಅವರವರ ಗಂಡಸರೇ ತೋಡಬೇಕು. ಕೂಲಿಯವರನ್ನು ಕರೆಸಿದರೆ ಮಾನ ಹೋಯಿತು. ಬಿಷಪ್ಪರ ಗಂಡಸರಲ್ಲಿ ಒಬ್ಬನಿಗೆ ಹೊಸ ಸೊಂಟ, ಒಬ್ಬನಿಗೆ ಹೊಸ ಮಂಡಿ, ಉಳಿದವರಿಗೆ ಹಳೆಯ ಹೃದಯ. ಬಗ್ಗಬಲ್ಲ ಏಕೈಕ ಬಿಷಪ್ ಮಲಕಿ. ನೆಲವೋ ಬರೀ ಬಂಡೆ.

ಸ್ಮಶಾನದ ಗೋಡೆಯ ಮೇಲೆ ಹಂದಿಕಳ್ಳರೆಲ್ಲ ಸಾಲಾಗಿ ಕೂತು ಚಹಾ ಹೀರುತ್ತಿದ್ದರು. ಮೊಣಕಾಲಾಳದ ಗುಂಡಿಯಿಂದ ಮಲಕಿ, ಹೋದ ವಾರದವರೆಗೆ ದಾಯಾದಿಯಾಗಿದ್ದ ಡಿನ್ನಿಯನ್ನು ಮೆಲ್ಲಗೆ ಕರೆದ.

“ಡಿನ್ನಿ, ಅಜ್ಜಿಗೆ ಅರಳುಮರಳು ಕಣೋ. ನಾನು ಹಂದಿಕಳ್ಳನೇ ಇರ್ಬೇಕು.”

“ಹಾಗೆಲ್ಲ ಕಂಡೋರನ್ನ ಸೇರಿಸ್ಕೊಳ್ಳಕ್ಕಾಗಲ್ಲ ಸ್ವಾಮಿ,” ಎಂದ ಡಿನ್ನಿ. “ನಮ್ಮ ಮನೆತನಕ್ಕೂ ಒಂದು ಮರ್ಯಾದೆ ಇದೆ.”

ಕೋಲೂರಿಕೊಂಡು ನಿಂತಿದ್ದ ಕಾರ್ನೀಲಿಯಸ್ ಗುಂಡಿಯೊಳಗೆ ಇಣುಕಿದ. “ಸ್ವಲ್ಪ ಅಗಲ ಮಾಡ್ಬಿಡು ತಮ್ಮ. ಚಿಕ್ಕಮ್ಮನೂ ಬೆಳಗ್ಗೆಯಿಂದ ಗಂಜಿ ಮುಟ್ಟಿಲ್ಲ.”

ಮಲಕಿ ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದ.