ಒಳಗಿನಿಂದ ಮುಚ್ಚಿದ ಉಣಗೋಲು

ನಬೋರ್ ವಿಯಾವಿಸೆನ್ಸಿಯೊ ಮುಖ ನೋಡಿ ಜನರನ್ನು ಗುರುತಿಸುವುದು ಕಡಿಮೆ. ಎದುರಿಗೆ ಯಾರು ಬಂದು ನಿಂತರೂ ಅವನ ಕಣ್ಣು ಮೊದಲು ಇಳಿಯುವುದು ಅವರ ಪಾದದ ಕಡೆಗೆ. ಬಾಹಾ ಮರಳುಗಾಡಿನ ನಮ್ಮ ಭಾಗದಲ್ಲಿ ಹಸು ಕಳೆದುಹೋದರೆ, ಕತ್ತೆ ಕಳುವಾದರೆ, ಮಗಳು ಹೇಳದೆ ಕೇಳದೆ ಯಾರದೋ ಜೊತೆ ಹೊರಟುಹೋದರೆ, ಜನ ತಿನಾಹಾ ಎಂಬ ಅವನ ಮೇಕೆದೊಡ್ಡಿಗೇ ಬರುತ್ತಿದ್ದರು. ಅವನು ಒಂದು ಲೋಟ ಕಾಫಿ ಮುಗಿಸಿ, ಟೋಪಿ ಹಾಕಿಕೊಂಡು, ನೆಲ ನೋಡುತ್ತಾ ಹೊರಡುತ್ತಿದ್ದ. ಹಸುಗಳನ್ನು ಹಿಡಿದು ತಂದುಕೊಡುತ್ತಿದ್ದ. ಓಡಿಹೋದ ಹುಡುಗಿಯರ ವಿಷಯದಲ್ಲಿ ಮಾತ್ರ, ಹೆಜ್ಜೆ ಕಲ್ಲಿನ ಮೇಲೆ ಮರೆಯಾಗಿದೆ ಎಂದು ಎಷ್ಟೋ ಸಲ ಹಸಿ ಸುಳ್ಳು ಹೇಳಿ ಮರಳಿ ಬಂದಿದ್ದಾನೆ. ಅದಕ್ಕೇ ನನಗೆ ಅವನನ್ನು ಕಂಡರೆ ಇಷ್ಟ.

ಅವನ ಹೆಂಡತಿ ಎವುಲಾಲಿಯಾ. ಎಲ್ಲರ ಬಾಯಲ್ಲೂ ಲಾಲಾ. ಚಿಕ್ಕಂದಿನಲ್ಲಿ ಹೇಸರಗತ್ತೆಯ ಮೇಲಿಂದ ಬಿದ್ದು ಅವಳ ಎಡಗಾಲು ಹೊರಕ್ಕೆ ತಿರುಗಿಕೊಂಡಿತ್ತು. ನಡೆದಲ್ಲೆಲ್ಲ ಬಲಪಾದ ಪೂರ್ತಿ ಮೂಡಿದರೆ, ಎಡಗಡೆ ಹಿಮ್ಮಡಿ ಎಳೆದ ಗೀರು ಮಾತ್ರ ಬೀಳುತ್ತಿತ್ತು. ಮುಖ ನೋಡುವ ಮೊದಲೇ ಆ ಗೀರಿಗೆ ಮರುಳಾದೆ ಎಂದು ನಬೋರ್ ಹೇಳಿಕೊಳ್ಳುತ್ತಿದ್ದ. ಲಾಲಾ ಸಿಟ್ಟು ಬಂದರೆ ಕೂಗಾಡುವವಳಲ್ಲ. ಅಂಗಳದ ಉಣಗೋಲು ಏರಿಸಿ, ಒಳಗಡೆಯಿಂದ ಚರ್ಮದ ಪಟ್ಟಿ ಸುತ್ತಿ, ಎಡಕ್ಕೆ ತಿರುಚಿದ ತನ್ನದೇ ಒಂದು ಗಂಟು ಹಾಕಿ, ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ನಬೋರ್ ಹೊರಗಿನ ಕಲ್ಲಿನ ಮೇಲೆ ಕೂತಿರುತ್ತಿದ್ದ. ಅವಳಾಗಿ ಬಂದು ಬಿಚ್ಚುವವರೆಗೆ ಅವನ ಊಟ, ನಿದ್ದೆ ಎರಡೂ ಆ ಕಲ್ಲಿನ ಮೇಲೇ.

ಹಾರಿ ಬರಬಹುದಿತ್ತಲ್ಲ ಎಂದು ಕೇಳುವವರು ನಮ್ಮ ಕಡೆಯವರಲ್ಲ. ಉಣಗೋಲೆಂದರೆ ಎರಡು ಗೂಟಗಳ ನಡುವೆ ಅಡ್ಡಕ್ಕೆ ತೂರಿಸಿದ ಮೂರು ಗಳ, ಅಷ್ಟೆ. ಒದ್ದರೆ ಬೀಳುತ್ತದೆ. ಆದರೂ ಅದು ಮುಚ್ಚಿದ್ದರೆ, ಮುಚ್ಚಿದವರಿಗೆ ಏನೋ ಕಾರಣ ಇದೆ ಎಂದು ಅರ್ಥ. ದಾಟಲೇಬೇಕಾದವನು ಹೇಸರಗತ್ತೆಯಿಂದ ಇಳಿದು, ಗಳ ಸರಿಸಿ, ದಾಟಿ, ಮತ್ತೆ ಮೊದಲಿದ್ದ ಹಾಗೇ ಏರಿಸಿ ಹೋಗುತ್ತಾನೆ. ಒಳಗಿನಿಂದ ಗಂಟು ಹಾಕಿದ್ದರೆ ಅದನ್ನು ಮುಟ್ಟುವುದೇ ಇಲ್ಲ. ಕಳ್ಳರು ಕೂಡ ಇದನ್ನು ಪಾಲಿಸುತ್ತಾರೆ, ನಮ್ಮ ಕಳ್ಳರಾದರೂ.

ನಾಲ್ಕು ವರ್ಷದ ಹಿಂದೆ ಸಮುದ್ರದ ಕಡೆಯಿಂದ ಚಂಡಮಾರುತ ಬಂದು ಒಣಕೆರೆ ತುಂಬಿತು. ನೀರಿಳಿದ ಮೇಲೆ ಒಂದು ಮೇಕೆಮರಿ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಲಾಲಾ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೆಸರಿಗಿಳಿದು ಅದನ್ನು ಎತ್ತಿ ತಂದಳು. ಆ ಚಳಿಗಾಲ ಅವಳ ಎದೆಯಲ್ಲಿ ಕಫ ಕಟ್ಟಿತು, ಮೇಲೇಳಲಿಲ್ಲ. ಹಳೆಯ ಕತ್ತೆದಾರಿಯ ತುದಿಯಲ್ಲಿ, ಬೇಲಿಯೊಳಗಿನ ಮನೆತನದ ಸಮಾಧಿಗಳ ನಡುವೆ ಅವಳನ್ನು ಮಲಗಿಸಿ, ಮೇಲೆ ಕಲ್ಲು ಪೇರಿಸಿ, ಶಿಲುಬೆ ನೆಟ್ಟರು. ಆಮೇಲೆ ಮಳೆಯೇ ಬರಲಿಲ್ಲ. ಒಣಕೆರೆಯ ಜೇಡಿ ಹೆಂಚಿನ ಹಾಗೆ ಗಟ್ಟಿಯಾಯಿತು, ಅದರಲ್ಲಿ ಲಾಲಾಳ ಹೆಜ್ಜೆಗಳು ಉಳಿದವು. ಒಂದು ಪಾದ, ಒಂದು ಗೀರು, ಒಂದು ಪಾದ, ಒಂದು ಗೀರು.

ನಬೋರ್ ಅವುಗಳ ಸುತ್ತ ಕಲ್ಲು ಸಾಲಿಟ್ಟ. ಭಾನುವಾರ ಬಂತೆಂದರೆ ಅಲ್ಲಿಗೇ ಹೋಗಿ ಕೂರುತ್ತಿದ್ದ. ಮನೆಯಲ್ಲಿ ಜೊತೆಗಿದ್ದ ಅವನ ಅಕ್ಕ ದೊಮಿತೀಲಾಗೆ ಇದು ಸರಿ ಕಾಣುತ್ತಿರಲಿಲ್ಲ.

"ಲೋ ನಬೋರ್, ಅವ್ಳು ಮಲಗಿರೋದು ಆ ಕಡೆ, ನೀನು ಕೂರೋದು ಈ ಕಡೆ. ಸಮಾಧಿ ಮೇಲೆ ಒಂದು ಹೂವಿಲ್ಲ, ಒಂದು ದೀಪ ಇಲ್ಲ. ಅವಳೇನು ಅಂದ್ಕೊಂಡಾಳು?"

"ಅಲ್ಲಿ ಬರೀ ಕಲ್ಲಿದೆ ಅಕ್ಕ. ಇಲ್ಲಿ ಅವಳ ಹೆಜ್ಜೆ ಇದೆ."

"ಹೆಜ್ಜೆ ಜೊತೆ ಸಂಸಾರ ಮಾಡ್ತೀಯೇನೋ? ಬದುಕಿದ್ದಾಗ ಕಲ್ಲಿನ ಮೇಲೆ ಕೂರಿಸಿದ್ಲು, ಸತ್ತ ಮೇಲೆ ಕೆರೇಲಿ ಕೂರಿಸಿದಾಳೆ. ಒಳ್ಳೇ ಗಂಡ."

ನಮ್ಮ ಮರಳುಗಾಡಿನಲ್ಲಿ ಪ್ರತಿ ವರ್ಷ ನಡೆಯುವ ಮೋಟಾರು ಪಂದ್ಯದ ಗದ್ದಲ ಈ ವರ್ಷವೂ ಪಂದ್ಯಕ್ಕಿಂತ ವಾರಗಟ್ಟಲೆ ಮೊದಲೇ ಶುರುವಾಯಿತು. ದಾರಿ ಪಳಗಿಸಿಕೊಳ್ಳಲು ಬಂದ ಗಾಡಿಗಳು ಹಗಲಿಡೀ ಓಡಿದವು. ಪಂದ್ಯ ಪ್ರತಿ ಸಲ ಸಾಗುವ ದೊಡ್ಡ ಹಳ್ಳದ ಹಾದಿ ಈಗ ಹಾದಿಯಾಗಿ ಉಳಿದಿರಲಿಲ್ಲ. ಗಾಡಿಗಳು ವರ್ಷವರ್ಷ ಉತ್ತು ಉತ್ತು ಮೊಣಕಾಲುದ್ದದ ಹಿಟ್ಟಿನಂಥ ಧೂಳಾಗಿತ್ತು. ಆ ಧೂಳು ಎದ್ದರೆ ಬೇಗ ಇಳಿಯುವುದಿಲ್ಲ. ಪೊದೆಗಳ ಮೇಲೆ, ಮೇಕೆಗಳ ಕಣ್ಣಿನ ರೆಪ್ಪೆಯ ಮೇಲೆ, ಹಾಲಿನ ಕೆನೆಯ ಮೇಲೆ ಕೂರುತ್ತದೆ. ಗಬ್ಬದ ಮೇಕೆಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಚೀಸಿನಲ್ಲಿ ಮಣ್ಣು ಕರಕರ ಎನ್ನುತ್ತಿತ್ತು. ದೊಮಿತೀಲಾಳ ನಾಯಿ ಒಂದು ಬೆಳಗ್ಗೆ ಗಾಡಿಯ ಹಿಂದೆ ಬೊಗಳುತ್ತಾ ಧೂಳಿನೊಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಹುಡುಕಿದರೆ ಅದರ ಮೈಯೂ ಸಿಗಲಿಲ್ಲ.

ಅವರೇ ಹಾಳುಮಾಡಿದ ದಾರಿ ಅವರಿಗೇ ಬೇಡವಾಯಿತು. ಪಂದ್ಯದ ಕಡೆಯ ಒಬ್ಬ ಯುವಕ ಬಂದು, ಬಹಳ ಮರ್ಯಾದೆಯಿಂದಲೇ, ಈ ಸಲ ಗಾಡಿಗಳು ಒಣಕೆರೆಯ ಮೇಲೆ ಹೋಗುತ್ತವೆ ಎಂದು ತಿಳಿಸಿದ. ಕೆರೆಗೆ ತಿರುಗುವಲ್ಲಿ ಬಾಣದ ಗುರುತಿನ ಹಲಗೆ ನೆಟ್ಟ.

"ಅಲ್ಲಿ ನನ್ನ ಹೆಂಡತಿ ಹೆಜ್ಜೆ ಇದಾವೆ," ಅಂದ ನಬೋರ್.

ಯುವಕ ಕೆರೆಯ ಕಡೆ ನೋಡಿದ. "ಅಮ್ಮಾವ್ರು ಆ ದಿನ ಮಾತ್ರ ಆ ಕಡೆ ಓಡಾಡೋದು ಬೇಡ ಅಂತ ಹೇಳಿ, ಯಜಮಾನ್ರೆ. ಅಪಾಯ," ಎಂದು ಹೇಳಿ ಗಾಡಿ ಹತ್ತಿದ.

ಪಕ್ಕದ ದೊಡ್ಡಿಯ ಫಿದೆನ್ಸಿಯೊ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮಗನ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವನು ನಬೋರ್. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುವುದು, ಬೈಯುವಾಗಲೂ ಬಹುವಚನ ಬಿಡದೆ. ಫಿದೆನ್ಸಿಯೊಗೆ ಪಂದ್ಯವೆಂದರೆ ಪ್ರಾಣ. ಗಾಡಿಗಳು ಎಗರಲಿ ಎಂದು ಕೆರೆಯ ಆಚೆ ಗುಟ್ಟಾಗಿ ಒಂದು ಗುಂಡಿಯನ್ನೂ ತೋಡಿದ್ದ.

"ಬನ್ನಿ ಕೊಂಪಾದ್ರೆ, ಬಿಯರ್ ತಣ್ಣಗಿಟ್ಟಿರ್ತೀನಿ. ಗಾಡಿ ಗಾಳೀಲಿ ಹಾರೋದು ನೋಡಿದ್ರೆ ನಿಮ್ಮ ದುಃಖ ಎಲ್ಲಾ ಹಾರ್ಹೋಗುತ್ತೆ."

"ನಿಮ್ಮ ಗುಂಡೀಲಿ ನೀವೇ ಬೀಳ್ತೀರಿ, ಕೊಂಪಾದ್ರೆ."

ಪಂದ್ಯದ ದಿನ ಬೆಳಗಾಗುವಾಗ ಸಮುದ್ರದ ಮಂಜು ಒಳನಾಡಿನವರೆಗೂ ನುಗ್ಗಿತ್ತು. ಕೊಂಬೆಯಿಲ್ಲದ ಉದ್ದನೆಯ ಸೀರಿಯೊ ಮರಗಳು ಅದರೊಳಗೆ ಯಾರನ್ನೋ ಕಾಯುತ್ತಿರುವವರ ಹಾಗೆ ನಿಂತಿದ್ದವು. ನಬೋರ್ ಬಾಣದ ಹಲಗೆಯನ್ನು ಕಿತ್ತು, ಹಳೆಯ ಕತ್ತೆದಾರಿಯ ಕಡೆಗೆ ತಿರುಗಿಸಿ ನೆಟ್ಟ. ಆ ದಾರಿ ಮುಂದೆ ಕವಲಾಗುತ್ತದೆ. ಬಲಗಡೆ ಮರಳಿನ ಹಳ್ಳ, ಅದರಲ್ಲೇ ಇಳಿದರೆ ಪಂದ್ಯದ ದಾರಿಯೇ ಸಿಗುತ್ತದೆ. ಎಡಗಡೆ ಸಮಾಧಿಗಳ ಬೇಲಿ. ಆ ಕವಲಿನಲ್ಲಿ ಇನ್ನೊಂದು ಗುರುತು ಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಬೇಕು? ಎಡಗಡೆಯ ಉಣಗೋಲು ಮುಚ್ಚಿತ್ತು. ಮುಚ್ಚಿದ ಮೇಲೆ ಅದು ಗೋಡೆಯೇ. ನಾನಾಗಿದ್ದರೂ ಅಷ್ಟಕ್ಕೇ ಬಿಡುತ್ತಿದ್ದೆ.

ಅವನು ಹೋಗಿ ಹೆಜ್ಜೆಗಳ ಪಕ್ಕದಲ್ಲಿ ಕೂತ. ಮಂಜಿನಲ್ಲಿ ತನ್ನ ಕೈಯೇ ಮಸುಕಾಗಿ ಕಾಣುತ್ತಿತ್ತು. ಮೊದಲು ನೆಲ ನಡುಗಿತು, ಸದ್ದು ಆಮೇಲೆ ಬಂತು. ಒಂದು ಗಾಡಿ ನೇರವಾಗಿ ತನ್ನ ಮೇಲೇ ಬರುತ್ತಿದೆ ಅನ್ನಿಸಿ ಅವನು ಹೆಜ್ಜೆಗಳ ಮೇಲೆ ಅಡ್ಡ ಬಿದ್ದ. ಸದ್ದು ಬಾಣದ ಬಳಿ ತಡೆಯಿತು, ತಿರುಗಿತು, ದೂರವಾಯಿತು. ಅದರ ಹಿಂದೆ ಇನ್ನೊಂದು. ಒಂದು ಗಾಡಿಯೂ ಕಣ್ಣಿಗೆ ಬೀಳಲಿಲ್ಲ. ಬರೀ ಎಂಜಿನ್ನುಗಳ ಕೂಗು ಹತ್ತಿರ ಬಂದು ಅದೇ ಜಾಗದಲ್ಲಿ ಮಗ್ಗುಲು ಬದಲಿಸುತ್ತಿತ್ತು. ನಬೋರ್ ಎದ್ದು ಕೂತು ನಕ್ಕ. ಹೆಜ್ಜೆಗಳು ಉಳಿದಿದ್ದವು.

ಆಮೇಲೆ ಅವನ ನಗು ನಿಂತಿತು. ಸದ್ದು ಬಲಗಡೆಯ ಹಳ್ಳದಿಂದ ಬರಬೇಕಿತ್ತು. ಬರುತ್ತಿದ್ದದ್ದು ಎಡಗಡೆಯಿಂದ, ಸಮಾಧಿಗಳ ಕಡೆಯಿಂದ.

ಅವನು ಓಡಿದ. ವಯಸ್ಸಾದ ಮೊಣಕಾಲು, ಮಂಜು, ಮುಳ್ಳು. ಅರ್ಧ ದಾರಿಯಲ್ಲಿರುವಾಗ ಗಾಡಿಗಳು ನಿಂತವು. ಯಾರೋ ಬಾಣ ಸರಿಪಡಿಸಿದರೋ, ಪಂದ್ಯವನ್ನೇ ತಡೆದರೋ, ಅವನಿಗೆ ತಿಳಿಯಲಿಲ್ಲ. ಒಂದು ಹಕ್ಕಿಯೂ ಕೂಗದಂಥ ಮೌನ ಬಿದ್ದುಬಿಟ್ಟಿತು. ಧೂಳು ಮಂಜಿನ ತೇವಕ್ಕೆ ಭಾರವಾಗಿ ನಿಧಾನವಾಗಿ ಕೆಳಗಿಳಿಯುತ್ತಿತ್ತು.

ಚಕ್ರದ ಗುರುತುಗಳು ಕವಲಿನಲ್ಲಿ ಎಡಕ್ಕೇ ತಿರುಗಿದ್ದವು. ಒಂದರ ಮೇಲೊಂದು ಬಿದ್ದು ನೇರವಾಗಿ ಉಣಗೋಲಿನವರೆಗೆ ಹೋಗಿದ್ದವು. ಉಣಗೋಲು ಮುಚ್ಚಿತ್ತು.

ನಬೋರ್ ಅಲ್ಲೇ ನಿಂತುಬಿಟ್ಟ. ಚಕ್ರದ ಗುರುತುಗಳು ಗಳಗಳ ಕೆಳಗೇ ಹಾದು, ಆಚೆ ಬದಿಯಲ್ಲಿ ಮುಂದುವರಿದಿದ್ದವು. ಗಾಡಿಗಳು ಮುಚ್ಚಿದ ಉಣಗೋಲಿನ ಮೂಲಕ ಗಾಳಿಯ ಹಾಗೆ ಹಾದುಹೋದಂತಿತ್ತು. ಹತ್ತಿರ ಹೋಗಿ ನೋಡಿದರೆ ಮೂರು ಗಳಗಳೂ ನಡುವೆ ಮುರಿದಿದ್ದವು. ಮುರಿದವನ್ನು ಯಾರೋ ನಾರಿನಿಂದ ಬಿಗಿದು ಜೋಡಿಸಿ, ಏರಿಸಿ, ಒಳಗಡೆಯಿಂದ ಚರ್ಮದ ಪಟ್ಟಿ ಸುತ್ತಿ ಗಂಟು ಹಾಕಿದ್ದರು.

ಗಂಟು ಎಡಕ್ಕೆ ತಿರುಚಿತ್ತು.

ಹೊರಗಿನಿಂದಲೇ ಇಣುಕಿದ. ಒಳಗೆ ಸಮಾಧಿಯ ಕಲ್ಲುಗಳು ದಿಕ್ಕಾಪಾಲಾಗಿ ಬಿದ್ದಿದ್ದವು. ಲಾಲಾಳ ಶಿಲುಬೆ ಎರಡು ತುಂಡಾಗಿತ್ತು. ಹಿಂದಿನ ಬೇಲಿ ಕಿತ್ತುಹೋಗಿತ್ತು. ಎಲ್ಲದರ ಮೇಲೂ ಜರಡಿ ಹಿಡಿದ ಹಿಟ್ಟಿನಂಥ ಧೂಳು ಕೂತಿತ್ತು, ಆ ಧೂಳಿನ ಮೇಲೆ, ಚಕ್ರದ ಗುರುತುಗಳ ಮೇಲೆ, ಬರಿಗಾಲಿನ ಹೆಜ್ಜೆಗಳಿದ್ದವು. ಒಂದು ಪಾದ, ಒಂದು ಗೀರು. ಚೆದುರಿದ ಕಲ್ಲುಗುಪ್ಪೆಯಿಂದ ಉಣಗೋಲಿನವರೆಗೆ ಬಂದು, ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ ಕಲ್ಲುಗುಪ್ಪೆಯವರೆಗೆ ಹೋಗಿದ್ದವು. ಅಲ್ಲಿಂದ ಮುಂದೆ ಇರಲಿಲ್ಲ. ಜೀವನವಿಡೀ ಹೆಜ್ಜೆ ಓದಿದವನಿಗೆ ಇದನ್ನು ಓದಲು ಯಾರ ಸಹಾಯವೂ ಬೇಕಿರಲಿಲ್ಲ. ಅವನಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು.

ದೊಮಿತೀಲಾ ಹುಡುಕಿಕೊಂಡು ಬಂದಾಗ ಅವನು ಉಣಗೋಲಿನ ಹೊರಗೆ ಒಂದು ಕಲ್ಲಿನ ಮೇಲೆ ಟೋಪಿ ತೆಗೆದು ಕೂತಿದ್ದ.

"ಅಯ್ಯೋ ದೇವ್ರೇ, ಇದೇನೋ ಇದು! ಏಳೋ, ಒಳಗೆ ಹೋಗಿ ಆ ಕಲ್ಲಾದ್ರೂ ಮುಚ್ಚೋಣ," ಎಂದು ಗಂಟಿಗೆ ಕೈ ಹಾಕಿದಳು. ಬೆರಳು ಪಟ್ಟಿಗೆ ತಾಗಿದ್ದೇ ಕೈ ಹಿಂದಕ್ಕೆಳೆದುಕೊಂಡಳು. ಆ ಗಂಟನ್ನು ಬಿಚ್ಚಲಾರದೆ ಎಷ್ಟು ಸಲ ನಾದಿನಿಯ ಜೊತೆ ಜಗಳವಾಡಿದ್ದಳೋ. "ನೀನು ಹಾಕಿದ್ದಾ?"

"ನಂಗೆ ಬರಲ್ಲ ಅಕ್ಕ. ನಿಂಗೂ ಬರಲ್ಲ."

ದೊಮಿತೀಲಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಬೇಲಿ ಹಿಂದ್ಗಡೆ ಕಿತ್ತೋಗಿದೆಯಲ್ಲ, ಆ ಕಡೆಯಿಂದ..."

"ಗಾಡಿಯೋರ ಥರಾನಾ? ಬೇಡ. ಅವಳು ಮುಚ್ಚಿದಾಳೆ. ಅವಳೇ ಬಿಚ್ಚಲಿ."

ಅವನು ಕಾದ. ಒಂದು ದಿನವಲ್ಲ, ಹಲವು ದಿನ. ಫಿದೆನ್ಸಿಯೊ ಬಂದು, "ಗಾಡಿಗಳು ನನ್ನ ಗುಂಡಿ ಕಡೆ ಬರಲೇ ಇಲ್ಲ, ಕೊಂಪಾದ್ರೆ, ಬಿಯರ್ ಎಲ್ಲಾ ದಂಡ," ಎಂದು ಗೊಣಗುತ್ತಿದ್ದವನು, ಗಳಗಳ ಕೆಳಗೆ ಹಾದ ಚಕ್ರದ ಗುರುತು ನೋಡಿ ಬಂದ ದಾರಿಯಲ್ಲೇ ಹೊರಟುಹೋದ. ದೊಮಿತೀಲಾ ರೊಟ್ಟಿ, ಅವರೆಕಾಳು ತಂದಿಡುತ್ತಿದ್ದಳು, ಬೈಯುತ್ತಿರಲಿಲ್ಲ. ಅದೇ ನಬೋರ್‌ಗೆ ಹೆಚ್ಚು ಕಷ್ಟವಾಯಿತು. ಒಮ್ಮೆ ಅವನೇ ಕೇಳಿದ: "ನಾನು ಬಾಣ ತಿರುಗಿಸಿದ್ದಕ್ಕಾ ಅಕ್ಕ, ಅವಳಿಗೆ ಇಷ್ಟು ಸಿಟ್ಟು?"

"ಬಾಣ ಯಾಕೋ ತಿರುಗಿಸಿದೆ ನೀನು?"

"ಹೆಜ್ಜೆ ಉಳೀಲಿ ಅಂತ."

"ಮತ್ತೆ? ಹೆಜ್ಜೆ ಉಳೀತು. ಅವಳ ಸಮಾಧಿ?" ಅಂದಳು ದೊಮಿತೀಲಾ. ಅಷ್ಟೇ ಅಂದು ಪಾತ್ರೆ ಎತ್ತಿಕೊಂಡು ಹೋದಳು.

ಮರುದಿನ ನಬೋರ್ ಹೇಸರಗತ್ತೆಯ ಮೇಲೆ ನೀರಿನ ಚೀಲಗಳನ್ನು ಹೇರಿಕೊಂಡು ಒಣಕೆರೆಗೆ ಹೋದ. ಮೇಕೆಗಳಿಗೇ ಸಾಲದ ನೀರು ಅದು. ಸುತ್ತಿನ ಕಲ್ಲುಗಳನ್ನು ಎತ್ತಿ ಬದಿಗಿಟ್ಟು, ಹೆಜ್ಜೆಗಳ ಮೇಲೆ ನೀರು ಸುರಿದ. ಜೇಡಿ ಬೇಗ ಕುಡಿಯಲಿಲ್ಲ. ಒಂದೊಂದು ಪಾದದಲ್ಲೂ ಸ್ವಲ್ಪ ಹೊತ್ತು ನೀರು ನಿಂತು ಆಕಾಶ ಕಾಣಿಸಿತು. ಆಮೇಲೆ ಅಂಚುಗಳು ಕರಗತೊಡಗಿದವು. ನಬೋರ್ ಮೊಣಕಾಲೂರಿ, ಅಂಗೈಯಿಂದ ಒಂದೊಂದನ್ನೇ ಸವರಿ ಸಮ ಮಾಡಿದ. ಕೊನೆಯ ಗೀರಿನ ಮೇಲೆ ಕೈಯಿಟ್ಟಾಗ ಅಳು ಬಂತು, ತಡೆಯಲಿಲ್ಲ. ಗಾಡಿಗಳಿಂದ ಕಾಪಾಡಿದ್ದನ್ನು ತನ್ನ ಕೈಯಿಂದಲೇ ಅಳಿಸಿದ್ದ. ಕೆರೆಯ ಮೇಲೆ ಈಗ ಏನೂ ಇರಲಿಲ್ಲ.

ಕೆಸರು ಮೆತ್ತಿದ ಕೈಯಲ್ಲೇ ಕತ್ತೆದಾರಿ ಹಿಡಿದು ನಡೆದ. ಕವಲು ದಾಟಿದ ಮೇಲೆ ತಲೆ ಎತ್ತಲು ಅವನಿಗೆ ಧೈರ್ಯ ಬರಲಿಲ್ಲ. ಅಭ್ಯಾಸದಂತೆ ನೆಲ ನೋಡಿಕೊಂಡೇ ಹೋದ. ಗೂಟಗಳ ಬುಡ ಬಂದಾಗ ನಿಂತ.

ಮೂರು ಗಳಗಳೂ ಕೆಳಗಿದ್ದವು. ಒಂದರ ಪಕ್ಕ ಒಂದು, ಒಪ್ಪವಾಗಿ, ದಾರಿಯ ಬದಿಗೆ. ಚರ್ಮದ ಪಟ್ಟಿ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕಿತ್ತು. ಅಂಗಳದಲ್ಲಿ ಸಿಟ್ಟು ಇಳಿದ ದಿನಗಳಲ್ಲೂ ಅವಳು ಹಾಗೇ ನೇತುಹಾಕುತ್ತಿದ್ದಳು.

ನಬೋರ್ ಟೋಪಿ ತೆಗೆದು ಒಳಗೆ ಹೋದ. ಕಲ್ಲುಗಳನ್ನು ಪೇರಿಸಲು ಬಗ್ಗುವ ಮುಂಚೆ ಏನೋ ನೆನಪಾಗಿ ಹಿಂದಿರುಗಿದ. ಗಳಗಳನ್ನು ಒಂದೊಂದಾಗಿ ಏರಿಸಿ, ತನ್ನ ಹಿಂದೆ ಉಣಗೋಲು ಮುಚ್ಚಿದ.